ಶುಶ್ರೂಷೆಗೆ ಶಾಸ್ತ್ರದ ಆಧಾರ

ವಳಕಮದಿನ್ನಿಯಂಥ ಗ್ರಾಮದಲ್ಲಿ ತಲೆಗೆ ಪೆಟ್ಟಾದವನಿಗೆ ಬೆಂಗಳೂರಿನ ನಿಮ್ಹಾನ್ಸ್ ನೂರಾರು ಕಿಲೋಮೀಟರ್ ದೂರ. ಅಲ್ಲಿಯವರೆಗೆ ಅವನ ಪ್ರಾಣವು ಸಮೀಪದ ಆಸ್ಪತ್ರೆಯ ದಾದಿಯ ಎಚ್ಚರವನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಆದರೆ ಕರುಣೆಯೂ ರೂಢಿಯೂ ಸಾಲವು. ಮೆದುಳಿನ ಬಾವು ಇಳಿಸುವುದೆಂದು ನಂಬಿ ಕೊಡುತ್ತಿದ್ದ ಸ್ಟಿರಾಯ್ಡ್ ಔಷಧದಿಂದ ಮರಣವೇ ಹೆಚ್ಚುವುದೆಂದು 10,008 ರೋಗಿಗಳ ಮೇಲಣ ಕ್ರಾಶ್ ಅಧ್ಯಯನವು 2004ರಲ್ಲಿ ತೋರಿಸಿತು.

ಉಸಿರಾಟವೂ ರಕ್ತದೊತ್ತಡವೂ ಕುಸಿಯದಂತೆ ಕಾಯಬೇಕು. ಬೆನ್ನುಹುರಿಗೆ ಪೆಟ್ಟಿಲ್ಲವೆಂದು ಖಚಿತವಾದ ಮೇಲೆ ತಲೆಯ ಕಡೆಯನ್ನು 30 ಡಿಗ್ರಿ ಎತ್ತರಿಸಿ, ಕತ್ತನ್ನು ನೇರವಾಗಿರಿಸಬೇಕು. 1974ರ ಗ್ಲಾಸ್ಗೋ ಮಾಪನದಂತೆ ಕಣ್ಣು, ಮಾತು, ಚಲನೆಗಳನ್ನು ಪರೀಕ್ಷಿಸಿ, 3ರಿಂದ 15ರವರೆಗಿನ ಅಂಕವನ್ನು ಪದೇ ಪದೇ ಬರೆದಿಡಬೇಕು. ಅಂಕ ಇಳಿದೊಡನೆ ವೈದ್ಯರಿಗೆ ತಿಳಿಸಿದರೆ ಜೀವ ಉಳಿದೀತು.

ಇಷ್ಟಕ್ಕೂ ಬೇಕಾದುದು ತರಬೇತಿ. ಆದುದರಿಂದ ಆಸ್ಪತ್ರೆಗೆ ಕಟ್ಟಡ ಕಟ್ಟಿಸುವ ದಾನಿಗಳು ಗ್ರಾಮದ ಮಕ್ಕಳ ಶುಶ್ರೂಷಾ ವಿದ್ಯಾಭ್ಯಾಸಕ್ಕೂ ನೆರವಾಗುವುದು ಅತ್ಯವಶ್ಯ.