ಶಾಲಾ ಭರ್ಜಿ ಎಸೆತಗಾರರ ಮೊಣಕೈ ರಕ್ಷಣೆ ಕುರಿತು ಮನವಿ ಪತ್ರ

ಇವರಿಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ್, ಚಿತ್ರದುರ್ಗ.

ವಿಷಯ: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಶಾಲಾ ಎಸೆತಗಾರರ ಮೊಣಕೈ ಗಾಯ ತಡೆಯುವ ಮತ್ತು ಚಿಕಿತ್ಸೆ ಒದಗಿಸುವ ಬಗ್ಗೆ.

ಮಾನ್ಯರೇ,

2021ರ ಆಗಸ್ಟ್ 7ರಂದು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ 87.58 ಮೀಟರ್ ದೂರ ಎಸೆದು ಚಿನ್ನ ಗೆದ್ದರು. ಅಂದಿನಿಂದ ಭರ್ಜಿ ಹಿಡಿಯುವ ಆಸೆ ಹಳ್ಳಿಯ ಮಕ್ಕಳಿಗೂ ಬಂದಿದೆ. ಅದೇ ನೀರಜ್ 2019ರಲ್ಲಿ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಿಂದ ಹೊರಗುಳಿದದ್ದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಅವರಿಗೆ ತಜ್ಞ ವೈದ್ಯರ ಆಸರೆ ಇತ್ತು. ಹೋಬಳಿ ಮಟ್ಟದಲ್ಲಿ ಎಸೆಯುವ ಹುಡುಗ ಹುಡುಗಿಯರಿಗೆ ಇರುವ ಆಸರೆ ದೈಹಿಕ ಶಿಕ್ಷಕರೊಬ್ಬರೇ.

ಮೊಣಕೈಯ ಒಳಬದಿಯಲ್ಲಿ ಬೆರಳಿಗೆ ತಾಗುವ ಗಂಟೊಂದಿದೆ. ಮುಂಗೈ ಸ್ನಾಯುಗಳೂ ಕೀಲನ್ನು ಬಿಗಿದಿಡುವ ಅಸ್ಥಿರಜ್ಜುವೂ ಅಲ್ಲಿಗೇ ಅಂಟಿಕೊಂಡಿವೆ. ಹದಿಹರೆಯ ದಾಟುವವರೆಗೆ ಆ ಗಂಟು ಮುಖ್ಯ ಎಲುಬಿಗೆ ಪೂರ್ತಿ ಕೂಡಿರುವುದಿಲ್ಲ, ನಡುವೆ ಮೆದು ಎಲುಬಿನ ಪದರವಿರುತ್ತದೆ. ತೋಳು ಹಿಂದಕ್ಕೆ ಬಾಗಿ ಮುಂದಕ್ಕೆ ಚಿಮ್ಮುವಾಗ ಎಳೆತವೆಲ್ಲ ಈ ಪದರದ ಮೇಲೆ ಬೀಳುತ್ತದೆ. ಒಂದು ಎಸೆತದಿಂದ ಏನೂ ಆಗದು. ವಿಶ್ರಾಂತಿಯಿಲ್ಲದ ನೂರಾರು ಎಸೆತಗಳಿಂದ ಅದು ಊದಿಕೊಳ್ಳುತ್ತದೆ, ಕೆಲವೊಮ್ಮೆ ಗಂಟೇ ಕಿತ್ತು ಬರುತ್ತದೆ. ಸ್ಪರ್ಧೆಯಲ್ಲಿ ಒಬ್ಬರಿಗೆ ಹೆಚ್ಚೆಂದರೆ ಆರು ಎಸೆತ. ಅಪಾಯ ಇರುವುದು ಯಾರೂ ಲೆಕ್ಕವಿಡದ ಅಭ್ಯಾಸದಲ್ಲಿ, ಕ್ಲಸ್ಟರ್, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಒಂದರ ಹಿಂದೊಂದು ಬರುವ ಕ್ರೀಡಾಕೂಟಗಳಲ್ಲಿ.

ಈ ಗಾಯವನ್ನು ಚೆನ್ನಾಗಿ ಅಧ್ಯಯನ ಮಾಡಿರುವುದು ಅಮೆರಿಕದ ಬೇಸ್‌ಬಾಲ್ ವೈದ್ಯರು. ಶಸ್ತ್ರಚಿಕಿತ್ಸೆಗೊಳಗಾದ 95 ಹದಿಹರೆಯದ ಪಿಚರ್‌ಗಳನ್ನು (ಚೆಂಡು ಎಸೆಯುವ ಆಟಗಾರರನ್ನು) ಗಾಯವಿಲ್ಲದ 45 ಮಂದಿಯೊಂದಿಗೆ ಹೋಲಿಸಿದ 2006ರ ಅಧ್ಯಯನದ ಪ್ರಕಾರ, ವರ್ಷಕ್ಕೆ 8 ತಿಂಗಳಿಗಿಂತ ಹೆಚ್ಚು ಕಾಲ ಎಸೆಯುವವರಿಗೆ ಶಸ್ತ್ರಚಿಕಿತ್ಸೆಯ ಸಂಭವ 5 ಪಟ್ಟು, ತೋಳು ದಣಿದರೂ ಪದೇ ಪದೇ ಎಸೆಯುವವರಿಗೆ 36 ಪಟ್ಟು. 2014ರಲ್ಲಿ ಅಲ್ಲಿ ವಯಸ್ಸಿಗೆ ತಕ್ಕಂತೆ ದಿನದ ಎಸೆತಗಳ ಮಿತಿ ಪ್ರಕಟವಾಯಿತು: 11-12 ವರ್ಷದವರಿಗೆ 85, 13-14ರವರಿಗೆ 95. ಭರ್ಜಿ ಚೆಂಡಿಗಿಂತ ಭಾರ, ಹಾಗಾಗಿ ಆ ಅಂಕಿ ನಮಗೆ ನೇರವಾಗಿ ಹೊಂದದು. ಎಣಿಸಬೇಕು ಎಂಬ ತತ್ತ್ವ ಮಾತ್ರ ಇಲ್ಲಿಗೂ ಹೊಂದುತ್ತದೆ.

ಹೊಲದಲ್ಲಿ ದುಡಿದ ಮಕ್ಕಳ ತೋಳು ಗಟ್ಟಿ, ಈ ನಾಜೂಕು ಬೇಡ ಎನ್ನುವವರಿದ್ದಾರೆ. ದುಡಿಮೆಯಿಂದ ಸ್ನಾಯು ಗಟ್ಟಿಯಾಗುವುದು ನಿಜ, ಆದರೆ ಎಲುಬು ಕೂಡುವ ವಯಸ್ಸು ಅದರಿಂದ ಮುಂಚಿತವಾಗಿ ಬರುವುದಿಲ್ಲ. ಗಟ್ಟಿ ಸ್ನಾಯು ಮೆದು ಪದರವನ್ನು ಇನ್ನೂ ಜೋರಾಗಿಯೇ ಎಳೆಯುತ್ತದೆ. ಮಿತಿ ಹಾಕಿದರೆ ಪದಕ ಕೈತಪ್ಪುತ್ತದೆ ಎಂಬ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಎಂಟನೇ ತರಗತಿಯಲ್ಲಿ ತೋಳು ಕೆಟ್ಟ ಮಗು ಪದವಿಪೂರ್ವ ಹಂತದ ಕ್ರೀಡಾಕೂಟಕ್ಕೆ ಬರುವುದೇ ಇಲ್ಲ. ಹಣವಿಲ್ಲ ಎಂಬ ಉತ್ತರವನ್ನೂ ಒಪ್ಪಲಾರೆವು. ದಿನದ ಎಸೆತ ಬರೆದಿಡಲು ಬೇಕಿರುವುದು ಒಂದು ನೋಟ್‌ಬುಕ್.

ಆದ್ದರಿಂದ ದೈಹಿಕ ಶಿಕ್ಷಕರನ್ನೂ ಜಿಲ್ಲಾ ಆಸ್ಪತ್ರೆಯ ಎಲುಬು ಮತ್ತು ಕೀಲು ತಜ್ಞರನ್ನೂ ಕೂರಿಸಿ, ಮುಂದಿನ ಕ್ರೀಡಾಕೂಟಗಳಿಗೆ ಮೊದಲೇ ವಯಸ್ಸುವಾರು ಎಸೆತದ ಮಿತಿ ಮತ್ತು ವಿಶ್ರಾಂತಿ ದಿನಗಳನ್ನು ನಿಗದಿಪಡಿಸಬೇಕು. ಪ್ರತಿ ಎಸೆತಗಾರರ ಹೆಸರಿನಲ್ಲಿ ಎಸೆತದ ಪುಸ್ತಕ ಇಡಿಸಬೇಕು. ಒಂದೇ ದಿನ ಭರ್ಜಿ, ಗುಂಡು, ಚಕ್ರ ಮೂರಕ್ಕೂ ಒಬ್ಬರನ್ನೇ ಇಳಿಸುವುದನ್ನು ನಿಲ್ಲಿಸಬೇಕು. ಒಳಗಂಟು ಮುಟ್ಟಿದರೆ ನೋಯುವ, ಎಸೆದ ಮೇಲೆ ಕೈ ಒದರುವ ಮಗುವಿಗೆ ಎಣ್ಣೆ ಹಚ್ಚಿ ನೀವಿಸದೆ, ಎಸೆತ ನಿಲ್ಲಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ಎರಡೂ ಮೊಣಕೈಗಳ ಎಕ್ಸ್‌ರೇ ಉಚಿತವಾಗಿ ತೆಗೆಸುವಂತೆ ಆದೇಶಿಸಬೇಕು. ಬೇಗ ಗುರುತಿಸಿದರೆ ಬಹುಪಾಲು ಮಕ್ಕಳಿಗೆ ಕೆಲವು ವಾರಗಳ ವಿಶ್ರಾಂತಿ ಮತ್ತು ವ್ಯಾಯಾಮವೇ ಸಾಕು. ವೈದ್ಯರ ಒಪ್ಪಿಗೆಯಿಲ್ಲದೆ ಆ ಮಗುವನ್ನು ಮತ್ತೆ ಅಂಕಣಕ್ಕೆ ಇಳಿಸಬಾರದು, ವಿಶ್ರಾಂತಿಯಲ್ಲಿದ್ದ ಕಾರಣಕ್ಕೆ ತಂಡದಿಂದ ಹೆಸರು ಕೈಬಿಡಲೂ ಬಾರದು.

ತಮ್ಮ ವಿಶ್ವಾಸಿಗಳು,
ನಾಲ್ಕು ತಾಲ್ಲೂಕುಗಳ ಪೋಷಕರು ಹಾಗೂ ಕ್ರೀಡಾಸಕ್ತರು