ಆಟ ಬಿಡಿಸಿ ಓದಿಸಬೇಡಿ, ಆಡಿಸಿ ಕಲಿಸಿ

ಹೋದ ಸೆಮ್ ರಜೆಯಲ್ಲಿ ಹುಮನಾಬಾದಿನ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಎರಡನೇ ಕ್ಲಾಸು. ಒಮ್ಮೆ ಕೇಳಿದ ಕತೆಯನ್ನು ಒಂದು ಮಾತೂ ಬಿಡದೆ ಹೇಳ್ತಾನೆ. ಪುಸ್ತಕ ತೆರೆದರೆ ಮಾತ್ರ ಪ, ವ, ಮ ಎಲ್ಲಾ ಒಂದೇ. ಒತ್ತಕ್ಷರ ಬಂದರೆ ಅಲ್ಲೇ ನಿಂತುಬಿಡ್ತಾನೆ.

"ನೀ ಇಂಜಿನಿಯರಿಂಗ್ ಓದ್ತಿ, ಇವಗ ಸ್ವಲ್ಪ ಹೇಳಿಕೊಡು ತಮ್ಮಾ" ಅಂದಳು ಅಕ್ಕ. ನಾನು ಮಾಡಿದ್ದೇನು ಗೊತ್ತಾ? ಒಂದೇ ಪದವನ್ನು ಇಪ್ಪತ್ತು ಸಲ ಬರೆಸಿದೆ. ಆಮೇಲೆ ಓದು ಅಂದರೆ ಮತ್ತೆ ತಪ್ಪಿದ. ನನ್ನ ಬಾಯಿಂದ "ದಡ್ಡ" ಅಂತ ಬಂದುಬಿಡ್ತು. ಅವನು ಅಳಲಿಲ್ಲ. "ಹೌದ್ ಮಾಮಾ, ಸಾಲ್ಯಾಗೂ ಹಂಗೇ ಅಂತಾರ" ಅಂದ. ಏಳು ವರ್ಷದ ಹುಡುಗ ತಾನು ದಡ್ಡ ಅಂತ ಆಗಲೇ ಒಪ್ಪಿಕೊಂಡಿದ್ದ.

ಯೋಚನೆ ಮಾಡಿ. ಪ್ರೋಗ್ರಾಂ ಎರರ್ ಕೊಟ್ಟರೆ ನಾವು ಅದೇ ಕೋಡನ್ನು ಇಪ್ಪತ್ತು ಸಲ ರನ್ ಮಾಡ್ತೀವಾ? ಎಲ್ಲಿ ತಪ್ಪಿದೆ ಅಂತ ಹುಡುಕ್ತೀವಿ. ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ಆ ಬುದ್ಧಿ ಎಲ್ಲಿ ಹೋಗುತ್ತದೋ!

ಅವನಿಗೆ ಡಿಸ್ಲೆಕ್ಸಿಯಾ ಇದೆ ಅಂತ ನಾನು ಹೇಳುತ್ತಿಲ್ಲ. ಅದನ್ನು ಹೇಳಬೇಕಾದವರು ತಜ್ಞರು. ಕಣ್ಣು ಮಂದ ಇರಬಹುದು, ಕಿವಿ ಸರಿಯಾಗಿ ಕೇಳಿಸದೆ ಇರಬಹುದು. ನಮ್ಮ ಬೀದರ್ ಜಿಲ್ಲೆಯಲ್ಲಂತೂ ಮನೆಯಲ್ಲಿ ಮರಾಠಿಯೋ ಉರ್ದುವೋ, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಭಾಷೆಯೇ ಹೊಸದಾದ ಮಗುವಿಗೂ ಕಲಿಕೆಯ ತೊಂದರೆ ಇರುವ ಮಗುವಿಗೂ ವ್ಯತ್ಯಾಸವಿದೆ. ಅದು ಗೊತ್ತಾಗಬೇಕಾದರೆ ತಪಾಸಣೆ ಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಯ ಮಕ್ಕಳನ್ನು ನೋಡಲು ವೈದ್ಯರ ತಂಡ ಬರುತ್ತದೆ. ಅವರು ನೋಡಬೇಕಾದ ತೊಂದರೆಗಳಲ್ಲಿ ಕಲಿಕೆಯ ತೊಂದರೆಯೂ ಒಂದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲೂ ಇದು ಸೇರಿದೆ. ಅಂದರೆ ಇದು ಸೋಮಾರಿತನ ಅಲ್ಲ ಅಂತ ಕಾನೂನೇ ಒಪ್ಪಿದೆ. ಒಪ್ಪದೆ ಇರುವವರು ಮನೆಯಲ್ಲಿರುವ ನಾವು.

ತಪಾಸಣೆ ಆಗುವ ತನಕ, ಆದ ಮೇಲೂ, ಮಗು ಹೆಚ್ಚು ಹೊತ್ತು ಇರುವುದು ಮನೆಯಲ್ಲೇ. ಅಲ್ಲಿ ಆಗಬೇಕಾದ್ದು ಆಟ. ಆಟದಲ್ಲಿ ತಪ್ಪಿದರೆ ಮರ್ಯಾದೆ ಹೋಗುವುದಿಲ್ಲ, ಇನ್ನೊಂದು ಬಾರಿ ಆಡಿದರಾಯಿತು. ತಪ್ಪಿಗೆ ಹೆದರದ ಮಗು ಮತ್ತೆ ಪ್ರಯತ್ನ ಮಾಡುತ್ತದೆ. ಕಲಿಕೆಗೆ ಬೇಕಾದ್ದು ಅದೇ ತಾನೇ?

ಇದಕ್ಕೆ ದುಡ್ಡು ಬೇಕಿಲ್ಲ. ಅಕ್ಕ ರೊಟ್ಟಿಗೆ ಜೋಳದ ಹಿಟ್ಟು ನಾದುವಾಗ ಒಂದು ಉಂಡೆ ಇವನ ಕೈಗೆ. ಅದರಲ್ಲಿ ಅಕ್ಷರ ಮಾಡು, ಕಣ್ಣು ಮುಚ್ಚಿ ಬೆರಳಿಂದ ಮುಟ್ಟಿ ಯಾವುದು ಅಂತ ಹೇಳು. ಊರಿನ ಹೆಸರಿಗೆ ಚಪ್ಪಾಳೆ ಹೊಡೆಯುವುದು ಇನ್ನೊಂದು ಆಟ. ಬ-ಸ-ವ-ಕ-ಲ್ಯಾ-ಣ, ಆರು ಚಪ್ಪಾಳೆ. ಹು-ಮ-ನಾ-ಬಾ-ದ, ಐದು. ಪದವನ್ನು ಸದ್ದುಗಳಾಗಿ ಒಡೆಯಲು ಬಂದರೆ ಓದಿನ ಅರ್ಧ ದಾರಿ ಬಂದಂತೆ. ಲೆಕ್ಕಕ್ಕೆ ಹುಣಸೆ ಬೀಜದ ಚೌಕಾಬಾರ ಸಾಕು. ಎಣಿಸುವುದು, ಮನೆ ದಾಟಿಸುವುದು, ತನ್ನ ಸರದಿಗೆ ಕಾಯುವುದು, ಎಲ್ಲಾ ಅದರಲ್ಲೇ ಇದೆ.

ನಿಯಮ ಎರಡೇ. ಹದಿನೈದು ನಿಮಿಷ ಆಡಿ, ಅವನಿಗೆ ಬೇಜಾರಾಗುವ ಮೊದಲೇ ನಿಲ್ಲಿಸಿ. ಆಟವನ್ನು ಪರೀಕ್ಷೆ ಮಾಡಬೇಡಿ, ಪಕ್ಕದ ಮನೆ ಹುಡುಗನ ಹೆಸರು ಎತ್ತಲೇಬೇಡಿ.

"ಇದಕ್ಕೊಂದು ಆ್ಯಪ್ ಮಾಡೋಣ, ಪ್ರಾಜೆಕ್ಟೂ ಆಗ್ತದ" ಅಂತ ನನ್ನ ರೂಮ್‌ಮೇಟ್ ಅಂದ. ಮಾಡಲಿ, ಬೇಡ ಅನ್ನಲ್ಲ. ಆದರೆ ಆ ಹುಡುಗನಿಗೆ ಬೇಕಿದ್ದದ್ದು ಎದುರು ಕೂತು, ತಪ್ಪಿದಾಗ ನಗದೆ ಆಡುವ ಒಬ್ಬ ಮನುಷ್ಯ. ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಆ ಮನುಷ್ಯ ನಾವೇ ಆಗಬೇಕು. ಅಣ್ಣ, ಅಕ್ಕ, ಮಾಮ, ಚಿಕ್ಕಮ್ಮ ಅಂತ ನಮಗೂ ಹೆಸರಿದೆಯಲ್ಲ.

ಆಟ ಔಷಧಿ ಅಲ್ಲ. ಡಿಸ್ಲೆಕ್ಸಿಯಾ ಇದ್ದರೆ ಚೌಕಾಬಾರದಿಂದ ಹೋಗುವುದಿಲ್ಲ, ವಿಶೇಷ ಶಿಕ್ಷಕರು ಬೇಕೇ ಬೇಕು. ಆದರೆ ಅಲ್ಲಿಗೆ ತಲುಪುವಷ್ಟರಲ್ಲಿ "ನಾ ದಡ್ಡ" ಅನ್ನುವುದು ಅವನ ಎದೆಯಲ್ಲಿ ಗಟ್ಟಿಯಾಗಬಾರದು. ಎಲ್ಲಾ ಕಾಯಕದವರನ್ನೂ ಸಮನಾಗಿ ಕೂರಿಸಿದ ಅನುಭವ ಮಂಟಪದ ಊರು ನಮ್ಮದು ಅಂತ ಪ್ರತಿ ಬಸವ ಜಯಂತಿಗೆ ಭಾಷಣ ಮಾಡ್ತೀವಿ. ಮನೆಯಲ್ಲಿ ನಿಧಾನಕ್ಕೆ ಓದುವ ಮಗುವಿಗೆ ಅಂಥ ಒಂದು ಜಾಗ ಕೊಟ್ಟಿದ್ದೀವಾ?

ಕಾಲೇಜಿಗೆ ವಾಪಸ್ ಹೊರಟ ದಿನ ಅವನೂ ಹುಮನಾಬಾದ್ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಬೋರ್ಡುಗಳಲ್ಲಿ "ಬ" ಹುಡುಕುವ ಆಟ ಹಚ್ಚಿದೆ. ಬೀದರ್ ಸಿಕ್ಕಿತು, ಬಸವಕಲ್ಯಾಣ ಸಿಕ್ಕಿತು. ಭಾಲ್ಕಿ ಬಸ್ಸಿನ ಮುಂದೆ ಸುಮಾರು ಹೊತ್ತು ನಿಂತ. "ಮಾಮಾ, ಇದು ಬ್ಯಾರೆ ಬ ಅದ. ಕೆಳಗ ಸೀಳ್ಯಾರ" ಅಂದ. ಅವನು ಈಗಲೂ ನಿಧಾನವಾಗಿಯೇ ಓದ್ತಾನೆ. ಆದರೆ ಆ ಭ ಅವನೇ ಕಂಡುಹಿಡಿದದ್ದು.

ಈ ಶನಿವಾರ ಊರಿಗೆ ಹೋಗುವವರು ಇದ್ದೀರಲ್ಲ, ಹದಿನೈದು ನಿಮಿಷ ಮೊಬೈಲ್ ಪಕ್ಕಕ್ಕಿಡಿ. ಮನೆಯಲ್ಲಿ ಯಾರೋ ಒಬ್ಬರು ಆಟಕ್ಕೆ ಕಾಯ್ತಿರಬಹುದು.