ಯುಕೆಜಿ ಆದ ಮೇಲೂ ಮಾಂಟೆಸ್ಸರಿಗೆ ದುಡ್ಡು ಕಟ್ಟಬೇಕಾ?

ಮೇ ತಿಂಗಳು ಬಂತೆಂದರೆ ನಮ್ಮ ಬ್ಯಾಂಕ್ ಕೌಂಟರಿನಲ್ಲಿ ಬಳೆ, ಸರ ಅಡವಿಡುವವರ ಸಾಲು. ಕೇಳಿದರೆ "ಮಗುವಿನ ಫೀಸು" ಅಂತಾರೆ. ಇಂಜಿನಿಯರಿಂಗ್ ಅಲ್ಲ ಮಾರಾಯ್ರೆ, ಒಂದನೇ ಕ್ಲಾಸು! ಯುಕೆಜಿ ಮುಗಿಸಿದ ಮಾಂಟೆಸ್ಸರಿಯಲ್ಲೇ ಮಗುವನ್ನು ಮುಂದುವರಿಸಬೇಕಾ ಎಂಬ ಚರ್ಚೆ ಕಾಸರಗೋಡಿನ ನಮ್ಮ ಎಷ್ಟೋ ಮನೆಗಳಲ್ಲಿ ನಡೀತಾ ಇದೆ.

ಆ ಪದ್ಧತಿಯನ್ನು ನಾವು ಹಳಿಯುವುದಿಲ್ಲ. ಮರಿಯಾ ಮಾಂಟೆಸ್ಸರಿ 1907ರಲ್ಲಿ ಮೊದಲ ಶಾಲೆ ತೆರೆದದ್ದೇ ರೋಮ್ ನಗರದ ಬಡವರ ಮಕ್ಕಳಿಗಾಗಿ. 1939ರಲ್ಲಿ ಮದ್ರಾಸಿಗೆ ಬಂದವರು ಯುದ್ಧದಿಂದಾಗಿ ಇಲ್ಲೇ ಉಳಿದರು. 6ರಿಂದ 12 ವರ್ಷದ ಮಕ್ಕಳ ಕಲಿಕೆಯ ಬಗ್ಗೆ ಕೊಡೈಕೆನಾಲಿನಲ್ಲಿ ಸಾಕಷ್ಟು ಕೆಲಸ ಮಾಡಿದರು. ಅಂದರೆ ಯುಕೆಜಿ ನಂತರದ ಮಾಂಟೆಸ್ಸರಿ ಸುಳ್ಳಲ್ಲ. ಆದರೆ ನಾವು ದುಡ್ಡು ಕೊಡೋದು ಅದಕ್ಕೇನಾ?

ಆ ಹೆಸರು ಯಾರ ಸೊತ್ತೂ ಅಲ್ಲ, ಯಾರು ಬೇಕಾದರೂ ಬೋರ್ಡು ಹಾಕಬಹುದು. ಒಮ್ಮೆ ತರಗತಿಯೊಳಗೆ ಹೋಗಿ ನೋಡಿ. 6ರಿಂದ 9 ವರ್ಷದವರು ಒಟ್ಟಿಗೆ ಕೂತು ಕಲಿಯುತ್ತಾರಾ? ಲೆಕ್ಕಕ್ಕೆ ಮಣಿಗಳನ್ನು ಕೈಗೆ ಕೊಡುತ್ತಾರಾ? ಆ ವಯಸ್ಸಿನವರಿಗೆ ಕಲಿಸಲು ತರಬೇತಿ ಪಡೆದ ಟೀಚರ್ ಇದ್ದಾರಾ? ಸಾಲುಬೆಂಚು, ಕಾಪಿ ರೈಟಿಂಗು, ರ‍್ಯಾಂಕು ಕಂಡರೆ ಅದು ಬರೀ ಇಂಗ್ಲಿಷ್ ಮೀಡಿಯಂ ಶಾಲೆ. ಬೋರ್ಡಿಗೆ ಬೇರೆ ದುಡ್ಡು ಯಾಕೆ?

ಲೆಕ್ಕ ನಮ್ಮ ಕಸುಬು, ಹೇಳಿಬಿಡ್ತೇವೆ. ಫೀಸು, ವ್ಯಾನು ಸೇರಿ ತಿಂಗಳಿಗೆ 3,500 ರೂಪಾಯಿ ಎಂದಿಟ್ಟುಕೊಳ್ಳಿ. ಅದನ್ನೇ ಶೇ. 6.5 ಬಡ್ಡಿಯ ಆರ್‌ಡಿಗೆ ಹಾಕಿದರೆ 5 ವರ್ಷದಲ್ಲಿ 2,40,000 ದಾಟುತ್ತದೆ. ಪಿಯುಸಿ ಮುಗಿದು ಕಾಲೇಜಿಗೆ ಸೇರುವಾಗ ಕೈಯಲ್ಲಿ ಬೇಕಾದ ದುಡ್ಡು ಅದು. ಬಂಗಾರ ಅಡವಿಟ್ಟು ಕಟ್ಟುವವರಿಗೆ ಬಡ್ಡಿ ಕೂಡುವುದಲ್ಲ, ಕಳೆಯುವುದು.

ಇನ್ನೊಂದು ಲೆಕ್ಕವೂ ಇದೆ. ಕೇರಳದಲ್ಲಿ ಶಾಲೆ ಶುರುವಾಗಿ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ಡಿವಿಜನ್, ಟೀಚರ್ ಹುದ್ದೆ ಎಲ್ಲ ಆ ಸಂಖ್ಯೆಯ ಮೇಲೆ. ನಮ್ಮ ನಾಲ್ಕು ಮನೆಗಳ ಮಕ್ಕಳು ವ್ಯಾನು ಹತ್ತಿದರೆ ಕನ್ನಡ ಡಿವಿಜನ್ನೇ ಹೋಗಬಹುದು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಸೌಕರ್ಯ ಕೊಡಬೇಕು ಅನ್ನುತ್ತದೆ. ಕೂರಲು ಮಕ್ಕಳೇ ಇಲ್ಲದಿದ್ದರೆ ಯಾವ ಬಾಯಲ್ಲಿ ಹೋಗಿ ಕೇಳೋಣ?

ನಮ್ಮ ಎಲ್‌ಪಿ ಶಾಲೆಗಳೆಲ್ಲ ಚೆನ್ನಾಗಿವೆ ಎನ್ನುವ ಸುಳ್ಳು ಬೇಡ. ಕನ್ನಡ ಬಾರದ ಟೀಚರ್‌ಗಳನ್ನು ಕನ್ನಡ ತರಗತಿಗೆ ಹಾಕಿದ ಅನ್ಯಾಯ ನಮಗೆ ಗೊತ್ತಿದೆ, ಅದಕ್ಕಾಗಿ ಬೀದಿಗಿಳಿದಿದ್ದೇವೆ. ಆದರೂ ಬೇರೆಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸಲು ದೊಡ್ಡ ಫೀಸೇನೂ ಬೇಕಾಗಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ನಲಿ-ಕಲಿ ಅದನ್ನೇ ಮಾಡಿತು, ಅದೂ ಕನ್ನಡದಲ್ಲಿ.

ಹಾಗಾಗಿ ನಮ್ಮ ಮಾತು ಇಷ್ಟೇ. ಯುಕೆಜಿವರೆಗೆ ಒಳ್ಳೆಯ ಮಾಂಟೆಸ್ಸರಿ ಹತ್ತಿರದಲ್ಲಿದ್ದು, ಕೈಗೆ ಎಟುಕಿದರೆ ಕಳಿಸಿ. ಒಂದನೇ ಕ್ಲಾಸಿಗೆ ಊರಿನ ಕನ್ನಡ ಶಾಲೆ. ಉಳಿದ ದುಡ್ಡಲ್ಲಿ ಕಥೆಪುಸ್ತಕ ಕೊಳ್ಳಿ, ಇಂಗ್ಲಿಷಿಗೆ ಸಂಜೆ ಒಬ್ಬರನ್ನು ಇಡಿ, ಪಿಟಿಎ ಸಭೆಗೆ ತಪ್ಪದೆ ಹೋಗಿ ಜಗಳ ಮಾಡಿ.

ನಿಮ್ಮೂರಿನ ಕನ್ನಡ ಶಾಲೆಯಲ್ಲಿ ಈ ಸಲ ಒಂದನೇ ಕ್ಲಾಸಿಗೆ ಎಷ್ಟು ಮಕ್ಕಳು? ಆರನೇ ದಿನಕ್ಕೆ ಮುಂಚೆ ವಿಚಾರಿಸಿ ನಮಗೆ ಬರೆಯಿರಿ. ಕಡಿಮೆ ಇರುವಲ್ಲಿಗೆ ಮನೆಮನೆ ತಿರುಗಲು ನಾವೂ ಬರ್ತೇವೆ.